ಕಾರ್ಡಿನ ಮೂಲೆಯ ಮಂಚ

ತೊಕ್ಕೊಟ್ಟು
12 ಜನವರಿ 2025

ಅಕ್ಷಯಾ,

ಆಶೀರ್ವಾದ ಗೀಶೀರ್ವಾದ ನನ್ನ ಬಳಿ ಇಲ್ಲ, ನಿನಗೆ ಗೊತ್ತು. ಇದನ್ನು ವಾಟ್ಸಾಪಿನಲ್ಲಿ ಕೇಳಬಹುದಿತ್ತು. ಕೇಳಿದರೆ ನಗುವ ಹಳದಿ ಮುಖವೊಂದನ್ನು ಕಳಿಸಿ ಮಲಗುತ್ತೀ. ಕಾಗದಕ್ಕೆ ಹಾಗೆ ಮಾಡಲಿಕ್ಕೆ ಆಗುವುದಿಲ್ಲ. ನಲವತ್ತು ವರ್ಷ ಬೀಡಿ ಕಂಪನಿಗಳಿಗೆ ಕಾಗದ ಬರೆದ ಕೈ ಇದು, ಉತ್ತರ ತೆಗೆದುಕೊಳ್ಳದೆ ಬಿಟ್ಟದ್ದಿಲ್ಲ. ಕುವೈಟಿನ ಮಂಗಫ್‌ನಲ್ಲಿ ನಿನ್ನ ಬಿಲ್ಡಿಂಗಿನ ಕೆಳಗೆ ಅಂಗಡಿ ಇಟ್ಟಿರುವ ಹಂಝ ರಜೆಗೆ ಬಂದಿದ್ದಾನೆ, ನಾಡಿದ್ದು ವಾಪಸು. ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ವಿಷಯ ಹೇಳುತ್ತೇನೆ. ನಮ್ಮ ಯೂನಿಯನ್ ಆಫೀಸಿಗೆ ಅಲಿಕುಂಞಿ ಎಂಬವನು ಬಂದಿದ್ದ. ಅವನ ತಾಯಿ ಬೀಡಿ ಕಟ್ಟುತ್ತಾಳೆ, ನಮ್ಮ ಹಳೆಯ ಸದಸ್ಯೆ. ಅವನು ಕುವೈಟಿನಲ್ಲಿ ಚೀನಾದವರ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಆರು ವರ್ಷ ಇದ್ದ. ಕೆಲಸ ಏನೆಂದರೆ, ಎಣ್ಣೆಯ ಟ್ಯಾಂಕಿಗೆ ಹೊಸ ಬಣ್ಣ ಬಳಿಯುವ ಮೊದಲು ಅದರ ಒಳಗೆ ನಿಂತು, ಗಾಳಿಯ ಪೈಪಿನಿಂದ ಮರಳು ಹೊಡೆದು ತುಕ್ಕು ಉದುರಿಸುವುದು. ಪ್ರಾಯ ನಲವತ್ತೆರಡು. ನಮ್ಮ ಆಫೀಸಿನ ಹನ್ನೊಂದು ಮೆಟ್ಟಿಲು ಹತ್ತುವಾಗ ಮೂರು ಸಲ ಕೂತ. ಮೇಲೆ ಬಂದು ಅರ್ಧ ಗಂಟೆ ಮಾತಾಡಲಿಲ್ಲ. ಉಸಿರು ಬರುವ ತನಕ ನನ್ನ ಮುಖ ನೋಡುತ್ತಾ ಕೂತಿದ್ದ.

ಕಂಪನಿ ಅವನ ಇಕಾಮಾ, ಅಲ್ಲಿ ಇರುವ ಪರವಾನಗಿ, ಮುಂದುವರಿಸದೆ ಮನೆಗೆ ಅಟ್ಟಿದೆ. ಕೊಟ್ಟ ಕಾಗದದಲ್ಲಿ ‘ಫಿಟ್’ ಎಂದು ಸೀಲು. ಆದರೆ ಅವನು ಹೆಲ್ತ್ ಕಾರ್ಡನ್ನು ಆಫೀಸಿಗೆ ಒಪ್ಪಿಸದೆ ಕಿಸೆಗೆ ಹಾಕಿಕೊಂಡು ಬಂದಿದ್ದಾನೆ. ಜಾಣ. ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಗುರುತಿದೆ. ನೋಡಿ ನೋಡಿ ಇಲ್ಲಿ ಬರೆದಿದ್ದೇನೆ: 疒. ನನ್ನ ಕಣ್ಣಿಗೆ ಬಾಗಿಲು ಕಿತ್ತುಹೋದ ಕಕ್ಕಸಿನ ಹಾಗೆ ಕಾಣುತ್ತದೆ. ಈ ಗುರುತು ಬಿದ್ದವರೆಲ್ಲ ಮೂರು ತಿಂಗಳೊಳಗೆ ಊರಿಗೆ ಎನ್ನುತ್ತಾನೆ ಅಲಿಕುಂಞಿ. ಯಾರಿಗೂ ಅರ್ಥ ಗೊತ್ತಿಲ್ಲವಂತೆ.

ನೀನು ಚೀನಾದಲ್ಲಿ ಡಾಕ್ಟರಿಕೆ ಓದಿದವಳು. ಈಗ ಅದೇ ಕುವೈಟಿನಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಇದ್ದೀ. ಇದು ಏನೆಂದು ನನಗೆ ಹೇಳು. ಅಲಿಕುಂಞಿಯ ತಮ್ಮ ಶಬೀರ್ ಇನ್ನೂ ಆ ಟ್ಯಾಂಕಿನ ಒಳಗೇ ಇದ್ದಾನೆ. ‘ಅಣ್ಣ ಸಿಗರೇಟು ಸೇದಿ ಹಾಳಾದ, ನನಗೆಂತ ಆಗುವುದಿಲ್ಲ’ ಎನ್ನುತ್ತಾನಂತೆ. ಅಲಿಕುಂಞಿ ಕೇಳಿದ್ದು ಒಂದೇ: “ನಂದು ಖಲಾಸ್ ವಾರಿಜಕ್ಕ. ತಮ್ಮನನ್ನು ಹೊರಗೆ ತೆಗೀರಿ. ಇದು ಇಂಥ ಕಾಯಿಲೆ ಅಂತ ಕಂಪನಿಯ ಕಾಗದದಲ್ಲಿ ಒಂದು ಹೆಸರು ಸಿಕ್ಕಿದರೆ ಅವ ನಂಬ್ತಾನೆ.”

ಬೇಗ ಬರೆ.
ವಾರಿಜಾ


ಮಂಗಫ್
2 ಫೆಬ್ರವರಿ 2025

ಪ್ರೀತಿಯ ದೊಡ್ಡಮ್ಮ,

ಹಂಝಣ್ಣ ನಿಮ್ಮ ಕಾಗದ ಕೊಟ್ಟರು. “ನಿಮ್ಮ ದೊಡ್ಡಮ್ಮ ನನ್ನ ಅಂಗಡಿಯಲ್ಲಿ ಕೆಲಸದವರಿಗೆ ವಾರದ ರಜೆ ಉಂಟಾ ಅಂತ ಕೇಳಿ ಬೆವರಿಳಿಸಿದರು” ಎಂದು ನಗುತ್ತಿದ್ದರು. ಅವರ ಭಾವನ ಕೈಯಲ್ಲಿ ಇದನ್ನೂ ಒಂದು ಡಬ್ಬ ಹಾಲಿನ ಪುಡಿಯನ್ನೂ ಕಳಿಸಿದ್ದೇನೆ.

ನೀವು ಬರೆದ ಗುರುತು ನೋಡಿ ನಗು ಬಂತು. ಅದು ಕಕ್ಕಸು ಅಲ್ಲ, ಮಂಚ! ಚೀನೀ ನಿಘಂಟಿನಲ್ಲಿ ಅಕ್ಷರಗಳನ್ನು ಗುಂಪು ಮಾಡುವುದು ಅವುಗಳ ಒಂದು ಅಂಗವನ್ನು ನೋಡಿ. ನೀರಿಗೊಂದು, ಮರಕ್ಕೊಂದು, ಬೆಂಕಿಗೊಂದು. ಇದು ಕಾಯಿಲೆಯ ಅಂಗ. ನಾವು ವಿದೇಶಿ ವಿದ್ಯಾರ್ಥಿಗಳು ವಾರ್ಡಿಗೆ ಹೋಗುವ ಮೊದಲು ಕಲಿತದ್ದೇ ಇದನ್ನು, ಯಾಕೆಂದರೆ ರೋಗಿಯ ಹಾಳೆಯಲ್ಲಿ ಹತ್ತು ಅಕ್ಷರಕ್ಕೆ ಮೂರರಲ್ಲಿ ಇದೇ ಇರುತ್ತಿತ್ತು.

ಮೂರು ಸಾವಿರ ವರ್ಷಗಳ ಹಿಂದೆ ಆಮೆಯ ಚಿಪ್ಪಿನ ಮೇಲೆ, ಎತ್ತಿನ ಎಲುಬಿನ ಮೇಲೆ ಕೊರೆಯುತ್ತಿದ್ದಾಗ ಇದು ಚಿತ್ರವೇ ಆಗಿತ್ತು. ನೆಟ್ಟಗೆ ಎತ್ತಿ ನಿಲ್ಲಿಸಿದ ಹಾಗೆ ಒಂದು ಮಂಚ, ಅದರಲ್ಲಿ ಒಬ್ಬ ಮನುಷ್ಯ, ಮೈ ಸುತ್ತ ನಾಲ್ಕು ಹನಿ. ಬೆವರು ಎಂದು ಕೆಲವರು, ರಕ್ತ ಎಂದು ಕೆಲವರು. ಬರೆದು ಬರೆದು ಮನುಷ್ಯ ಸವೆದು ಬರೀ ಗೆರೆಯಾದ. ಎಡಗಡೆಯ ಎರಡು ಸಣ್ಣ ಗೀಟು ಇದೆಯಲ್ಲ, ಅದು ಮಂಚದ ಕಾಲು. ಆ ಎಲುಬುಗಳ ಮೇಲೆ ಒಬ್ಬ ರಾಜನ ಹಲ್ಲುನೋವಿನ ವಿಚಾರ ಕೂಡ ಇದೆಯಂತೆ, ಯಾವ ಹಿರಿಯರ ಮುನಿಸಿನಿಂದ ಬಂತು ಎಂದು ದೇವರನ್ನು ಕೇಳಿದ್ದು.

ಈ ಮಂಚ ಒಂಟಿಯಾಗಿ ನಿಲ್ಲುವುದಿಲ್ಲ. ಅದರೊಳಗೆ ಇನ್ನೊಂದು ಗುರುತು ಸೇರಿದರೆ ಮಾತಾಗುತ್ತದೆ. 病 ಎಂದರೆ ರೋಗ, 痛 ನೋವು, 疲 ದಣಿವು. ಮಂಚ ಅರ್ಥ ಹೇಳುತ್ತದೆ, ಒಳಗಿನದ್ದು ಹೆಚ್ಚಾಗಿ ಉಚ್ಚಾರ ಹೇಳುತ್ತದೆ. ಚೆಂದ ಏನೆಂದರೆ ಚಿಕಿತ್ಸೆ ಎಂಬ ಮಾತಿಗೂ ಅದೇ ಮಂಚ: 疗. ನಮಗೆ ಕಲಿಸಿದ ಮುದುಕಿ ಟೀಚರ್ ಹೇಳುತ್ತಿದ್ದರು, ಮಲಗಿದವನನ್ನು ಎಬ್ಬಿಸುವುದಾದರೂ ಮಂಚದ ಹತ್ತಿರ ಹೋಗಲೇಬೇಕಲ್ಲ ಎಂದು.

ಅಲಿಕುಂಞಿಯವರ ಕಾರ್ಡಿನಲ್ಲಿ ಯಾರೋ ಕ್ಲಾರ್ಕ್ ಏನೋ ಗೀಚಿರಬಹುದು. ಅಂಥ ದೊಡ್ಡ ಅರ್ಥವೇನೂ ಇರಲಿಕ್ಕಿಲ್ಲ. ಒಳ್ಳೆಯ ಎದೆಯ ಡಾಕ್ಟರಿಗೆ ತೋರಿಸಲು ಹೇಳಿ. ನನಗೆ ಇಲ್ಲಿ ಡ್ಯೂಟಿ ಜಾಸ್ತಿ. ಚಳಿ ಇದೆ.

ನಿಮ್ಮ
ಅಕ್ಷಯಾ


ತೊಕ್ಕೊಟ್ಟು
20 ಫೆಬ್ರವರಿ 2025

ಅಕ್ಷಯಾ,

ಪಾಠ ಚೆನ್ನಾಗಿತ್ತು. ಯೂನಿಯನ್ ಆಫೀಸಿನಲ್ಲಿ ಓದಿ ಹೇಳಿದೆ, ಹೆಂಗಸರು ಬಾಯಿಬಿಟ್ಟು ಕೇಳಿದರು. ರಾಜನಿಗೆ ಹಲ್ಲು ನೋಯಿತು ಎಂದು ಎಲುಬು ಕೊರೆದು ಮೂರು ಸಾವಿರ ವರ್ಷ ಕಾಪಾಡಿದ್ದಾರೆ! ನಮ್ಮ ಅಲಿಕುಂಞಿಯ ಎದೆಗೆ ರಬ್ಬರಿನಲ್ಲಿ ಅಳಿಸಿದರೆ ಹೋಗುವ ಪೆನ್ಸಿಲು. ಲೋಕ ನಡೆಯುವುದೇ ಹೀಗೆ, ಅದಕ್ಕೆ ಚೀನಾಕ್ಕೆ ಹೋಗಿ ಓದಬೇಕಾಗಿರಲಿಲ್ಲ.

ಈಗ ನಾನು ಒಂದು ಪಾಠ ಹೇಳುತ್ತೇನೆ.

ನೀನು ಬರೆದದ್ದನ್ನು ಹಿಡಿದುಕೊಂಡು ಅಲಿಕುಂಞಿಯ ಮನೆಗೆ ಹೋದೆ. ಇಲ್ಲಿನ ಡಾಕ್ಟರು ಅವನಿಗೆ ಕ್ಷಯದ ಮಾತ್ರೆ ನುಂಗಿಸುತ್ತಿದ್ದಾರೆ. ನಾಲ್ಕು ತಿಂಗಳಾಯಿತು, ಮೂತ್ರ ಕೆಂಪಾದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಬಡವ ಕೆಮ್ಮಿದರೆ ಕ್ಷಯ ಎನ್ನುವುದು ಇವರ ಅಭ್ಯಾಸ. ಏನು ಕೆಲಸ ಮಾಡುತ್ತಿದ್ದೆ ಎಂದು ಒಬ್ಬನೂ ಕೇಳಲಿಲ್ಲ. ಗಲ್ಫಿನಲ್ಲಿದ್ದೆ ಎಂದರೆ ಸಾಕು, ಗಲ್ಫೇ ಒಂದು ಕೆಲಸ ಎಂದುಕೊಂಡಿದ್ದಾರೆ.

ನಾನು ಕೇಳಿದೆ, ಈ ಗುರುತು ಹಾಕುವುದು ಯಾರು? ಅವನು ಹೇಳಿದ: “ಕ್ಯಾಂಪಿನಲ್ಲಿ ಒಬ್ಬಳು ಹುಡುಗಿ ಉಂಟು ಅಕ್ಕ, ನಮ್ಮ ಕಡೆಯವಳೇ. ಭಾರಿ ಒಳ್ಳೆಯವಳು. ತೂಕ ನೋಡುವಾಗ ‘ಎಂಚ ಉಲ್ಲರ್ ಅಣ್ಣೆರೆ’ ಅಂತ ತುಳುವಿನಲ್ಲಿ ಕ್ಷೇಮ ವಿಚಾರಿಸ್ತಾಳೆ. ಎದೆಗೆ ಕೊಳವೆ ಇಟ್ಟು ಕೇಳ್ತಾಳೆ. ಕೇಳಿ ಆದ ಮೇಲೆ ಕಣ್ಣು ಕೆಳಗೆ ಹಾಕಿ ಕಾರ್ಡಿನಲ್ಲಿ ಬರೀತಾಳೆ. ಎಡಗೈಯಲ್ಲಿ.”

ಎಡಗೈ. ಆ ಎಡಗೈಗೆ ನಿನ್ನಮ್ಮ ಸೌಟಿನಲ್ಲಿ ಹೊಡೆದದ್ದಕ್ಕೆ ಸಾಕ್ಷಿ ನಾನು.

ಅವಳು ನನ್ನ ತಂಗಿಯ ಮಗಳು ಎಂದು ಅಲಿಕುಂಞಿಗೆ ಹೇಳಲಿಲ್ಲ. ಅವನ ಹೆಂಡತಿ ರಹ್ಮತ್ ತಂದುಕೊಟ್ಟ ಚಹಾ ಕುಡಿದು, ಕಳ್ಳಿಯ ಹಾಗೆ ಎದ್ದು ಬಂದೆ.

ದೊಡ್ಡ ಆಸ್ಪತ್ರೆ ಎಲ್ಲಿ ಹೋಯಿತು ಮಾರಾಯ್ತಿ? ಹಾಲಿನ ಪುಡಿ ಬೆಕ್ಕಿಗೆ ಹಾಕಿದ್ದೇನೆ.

ವಾರಿಜಾ


ಮಂಗಫ್
14 ಮಾರ್ಚ್ 2025

ದೊಡ್ಡಮ್ಮ,

ಹೌದು. ನಾನೇ.

ಆಸ್ಪತ್ರೆ ಯಾವುದೂ ಇಲ್ಲ. ಊರಿನ ಪರೀಕ್ಷೆಯಲ್ಲಿ ಮೂರು ಸಲ ಫೇಲಾದೆ. ಚೀನಾದಲ್ಲಿ ಓದಿದವರು ಅದನ್ನು ಪಾಸಾಗದೆ ಡಾಕ್ಟರ್ ಅಲ್ಲ, ಅಲ್ಲಿಯೂ ಅಲ್ಲ, ಇಲ್ಲಿಯೂ ಅಲ್ಲ. ಮನೆಯಲ್ಲಿ ಸುಳ್ಳು ಹೇಳಿದೆ. ಇಲ್ಲಿ ನಾನು ‘ಹೆಲ್ತ್ ಕೋಆರ್ಡಿನೇಟರ್’. ಕ್ಯಾಂಪಿನ ಕಂಟೈನರ್ ಒಂದರಲ್ಲಿ ನನ್ನ ಟೇಬಲ್. ತೂಕ, ರಕ್ತದೊತ್ತಡ, ಊದುವ ಟೆಸ್ಟು. ಚೀನೀ ಓದಲು ಬರುತ್ತದೆಂದು ತೆಗೆದುಕೊಂಡರು.

ಪದ್ಧತಿ ಹೀಗಿದೆ. ವರ್ಷಕ್ಕೊಮ್ಮೆ ಎಕ್ಸ್‌ರೇ ವ್ಯಾನ್ ಬರುತ್ತದೆ. ಯಾರ ಎದೆ ಸರಿ ಇಲ್ಲ ಎಂದು ನನಗೆ ಕಾಣುತ್ತದೋ ಅವರ ಕಾರ್ಡಿನ ಮೂಲೆಯಲ್ಲಿ ಮಂಚ ಬರೆಯಬೇಕು. ಬರೀ ಮಂಚ. ಒಳಗೆ ಏನೂ ಬರೆಯಬಾರದು. ಮೊದಲ ವಾರವೇ ಆಫೀಸಿನ ಗುವೊ ಮೇಡಂ ನನ್ನನ್ನು ಕೂರಿಸಿ ಹೇಳಿದರು: “ಒಳಗೆ ಬರೆದರೆ ಅದು ರೋಗ. ರೋಗಕ್ಕೆ ಕಾರಣ ಇರುತ್ತದೆ, ಕಾರಣಕ್ಕೆ ಕಂಪನಿ ಇರುತ್ತದೆ. ಖಾಲಿ ಬಿಟ್ಟರೆ ಬರೀ ಗೀಟು.” ಇಕಾಮಾ ರಿನ್ಯೂ ಮಾಡುವಾಗ ಆ ಕಾರ್ಡುಗಳನ್ನು ಬದಿಗೆ ಇಡುತ್ತಾರೆ. ಸೀಲು ‘ಫಿಟ್’ ಎಂದೇ ಬೀಳುತ್ತದೆ. ಹೆಸರು ಬರೆದರೆ ಕಂಪನಿಯ ಸ್ವಂತ ರೂಲಿನ ಪ್ರಕಾರ ಆ ಮನುಷ್ಯನನ್ನು ದೂಳಿನ ಕೆಲಸದಿಂದ ತೆಗೆದು, ಸರಕಾರಿ ಆಸ್ಪತ್ರೆಗೆ ಕಳಿಸಬೇಕು.

ನೀವು ಉಗಿಯುವ ಮೊದಲು ಕೇಳಿ. ಹೆಸರು ಬರೆಯುವ ಅಧಿಕಾರ ನನಗಿಲ್ಲ. ಬರೆದರೆ ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದಳೆಂದು ನನ್ನನ್ನೇ ಒಳಗೆ ಹಾಕಬಹುದು. ನಾನು ಬಿಟ್ಟರೆ ತೂಕ ನೋಡಲೂ ಬರದವರು ಬರುತ್ತಾರೆ. ಕಾಯಿಲೆಯವರು ಟ್ಯಾಂಕಿನಲ್ಲಿ ಬಿದ್ದು ಸಾಯುವ ಬದಲು ಊರಿಗೆ ಹೋಗಿ ಮನೆಯವರ ಜೊತೆ ಇರಲಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಒಳ್ಳೆಯದೇ ಎಂದು ಕಂಡಿತ್ತು.

ಚೀನಾದವರನ್ನು ಬೈಯಬೇಡಿ. ನನಗೆ ಮಂಚದ ಅರ್ಥ ಕಲಿಸಿದ್ದೂ ಅವರೇ. ಮತ್ತೆ ನಿಮ್ಮ ಯೂನಿಯನ್ ಆಫೀಸಿನಲ್ಲಿ ಎಷ್ಟು ವರ್ಷ ಚೀನಾದ ಟ್ರಾಕ್ಟರಿನ ಕ್ಯಾಲೆಂಡರ್ ತೂಗಿತ್ತು ನನಗೆ ನೆನಪಿದೆ.

ಈಗ ಉಪವಾಸದ ತಿಂಗಳು. ಶಬೀರ್ ಉಪವಾಸ ಹಿಡಿದೇ ಮರಳು ಹೊಡೆಯುತ್ತಿದ್ದಾನೆ. ಜನವರಿಯಿಂದ ಮೂರೂವರೆ ಕಿಲೋ ಇಳಿದಿದ್ದಾನೆ. ಅವನ ಕಾರ್ಡಿಗೆ ಇನ್ನೂ ಏನೂ ಬರೆದಿಲ್ಲ.

ಅಕ್ಷಯಾ


ತೊಕ್ಕೊಟ್ಟು
30 ಮಾರ್ಚ್ 2025

ಅಕ್ಷಯಾ,

ಅಧಿಕಾರ ಇಲ್ಲವಂತೆ! ಎದೆಗೆ ಕೊಳವೆ ಇಡುವ ಅಧಿಕಾರ ಇದೆ. ಯಾರನ್ನು ಎಸೆಯಬೇಕು ಎಂದು ಆರಿಸುವ ಅಧಿಕಾರ ಇದೆ. ಆರಿಸಿದ್ದು ಯಾಕೆಂದು ಬರೆಯುವ ಅಧಿಕಾರ ಮಾತ್ರ ಇಲ್ಲ. ಬಹಳ ಅನುಕೂಲದ ಅಜ್ಞಾನ ಮಗಾ ಇದು. ಪರೀಕ್ಷೆಯಲ್ಲಿ ಫೇಲಾದದ್ದಕ್ಕೆ ನಾಚುತ್ತೀ, ಈ ಕೆಲಸದಲ್ಲಿ ಪಾಸಾದದ್ದಕ್ಕೆ ನಾಚುವುದಿಲ್ಲ.

‘ಮನೆಯವರ ಜೊತೆ ಇರಲಿ ಎಂದು’ ಬರೆದಿದ್ದೀ. ಬಾ, ಬಂದು ನೋಡು ಮನೆಯವರ ಜೊತೆ ಹೇಗಿದ್ದಾನೆ. ಅಲಿಕುಂಞಿಗೆ ಮಲಗಲಿಕ್ಕೆ ಆಗುವುದಿಲ್ಲ. ಎರಡು ದಿಂಬು ಬೆನ್ನಿಗೆ ಕೊಟ್ಟು ಕೂರಿಸುತ್ತಾರೆ, ಕೂತೇ ನಿದ್ದೆ. ನಿನ್ನ ಮೂರು ಸಾವಿರ ವರ್ಷದ ಚಿತ್ರದವನು ಮಲಗಿಯಾದರೂ ಇದ್ದ.

ನಿನ್ನಂಥವರನ್ನು ನಾನು ಬೀಡಿ ಬ್ರಾಂಚುಗಳಲ್ಲಿ ಎಷ್ಟು ಜನ ನೋಡಿದ್ದೇನೆ. ಮಾಲಕನಿಗಿಂತ ಕೀಳು ಯಾರು ಗೊತ್ತಾ? ಮಾಲಕನ ಬಾಗಿಲಲ್ಲಿ ನಿಂತು, ನಮ್ಮದೇ ಭಾಷೆಯಲ್ಲಿ ‘ಎಂಚ ಉಲ್ಲರ್’ ಎಂದು ಕೇಳಿ, ಒಳಗೆ ಹೋಗಿ ನಮ್ಮ ಬೀಡಿಯನ್ನು ‘ಹಾಳು’ ಎಂದು ಬುಟ್ಟಿಗೆ ಎಸೆಯುವವನು. ಗುವೊ ಅಂತೆ, ಮೇಡಂ ಅಂತೆ. ಅವಳಿಗೆ ತುಳು ಬರುತ್ತಿದ್ದರೆ ನಿನಗೆ ಸಂಬಳ ಯಾಕೆ ಕೊಡುತ್ತಿದ್ದಳು? ನಿನ್ನ ನಯವನ್ನೇ ಅವಳು ಕೊಂಡದ್ದು.

ಮಾಡಬೇಕಾದ್ದು ಇಷ್ಟು. ಶಬೀರ್‌ನ ಕಾರ್ಡಿನಲ್ಲಿ ಕಾಯಿಲೆಯ ಹೆಸರು ಬರೆ. ಮರಳಿನ ದೂಳು ಶ್ವಾಸಕೋಶದಲ್ಲಿ ಕೂತರೆ ಬರುವ ಕಾಯಿಲೆಗೆ ಒಂದು ಹೆಸರಿದೆ. ಅದನ್ನು ನಾನು ಕ್ವಾರಿ ಕೆಲಸದವರ ಹೋರಾಟದಲ್ಲಿ ಕೇಳಿದ್ದೇನೆ, ಸಿಲಿಕೋಸಿಸ್. ಆರು ವರ್ಷ ಓದಿದ ನಿನಗೆ ಇನ್ನೂ ಚೆನ್ನಾಗಿ ಗೊತ್ತು. ಇಂಗ್ಲಿಷಿನಲ್ಲಿ ಬರೆ, ಅರಬಿಯಲ್ಲಿ ಬರೆ, ಬೇಕಾದರೆ ನಿನ್ನ ಮಂಚದೊಳಗೆ ತುರುಕು. ಬರೆದು ನನಗೆ ತಿಳಿಸು.

ಅಷ್ಟರ ತನಕ ನನಗೆ ತಂಗಿಯ ಮಗಳು ಇಲ್ಲ.

ವಾರಿಜಾ


ತೊಕ್ಕೊಟ್ಟು
28 ಏಪ್ರಿಲ್ 2025

ಹಂಝನ ಭಾವ ಬಂದ, ಕೈ ಬೀಸಿಕೊಂಡು. “ಕಾಗದ ಕೊಡ್ತೀರಾ ಅಂತ ಎರಡು ಸಲ ಬಾಗಿಲು ಬಡಿದೆ, ‘ಯಲ್ಲಾ, ಹೋಗ್ತೇನೆ, ಬಸ್ಸು ಬಂತು’ ಅಂತ ಓಡಿದರು” ಎಂದ.

ಓಡು. ಕಂಪನಿಯ ಬಸ್ಸು ತಪ್ಪಬಾರದು.

ಅಲಿಕುಂಞಿ ನಿನ್ನೆ ಶಬೀರ್‌ಗೆ ಫೋನು ಮಾಡಿಸಿದ. ಮಾತಾಡುವುದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಆ ಕಡೆಯಿಂದಲೂ ಕೆಮ್ಮು ಕೇಳಿಸಿತು. ರಹ್ಮತ್ ಫೋನು ಕಿತ್ತುಕೊಂಡು ಹಿತ್ತಲಿಗೆ ಹೋದಳು.

ವಾ.


ಮಂಗಫ್
10 ಮೇ 2025

ವಾರಿಜ ದೊಡ್ಡಮ್ಮನಿಗೆ,

ನಾಲ್ಕು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ. ಇದರಲ್ಲಿ ಮರ್ಯಾದೆ ಇರುವುದಿಲ್ಲ, ಬೇಕಾದರೆ ಬೆಕ್ಕಿಗೆ ಹಾಕು.

ಬ್ರಾಂಚಿನ ಬಾಗಿಲಲ್ಲಿ ನಿಂತವರನ್ನು ನೋಡಿದ್ದೇನೆ ಎಂದೆಯಲ್ಲ. ನಾನೂ ಒಬ್ಬಳನ್ನು ನೋಡಿದ್ದೇನೆ. ಆಗ ನನಗೆ ಹನ್ನೊಂದು ವರ್ಷ. ಅಮ್ಮ ಬೀಡಿ ಕಟ್ಟುವ ತಡ್ಪೆ ಮೊರವನ್ನು ಮಡಿಲಲ್ಲಿಟ್ಟುಕೊಂಡು ಕೆಮ್ಮುತ್ತಿದ್ದಳು, ಹೊಗೆಸೊಪ್ಪು ನೆಲವೆಲ್ಲ ಹಾರುತ್ತಿತ್ತು. ಕಂಪನಿಯಿಂದ ಆರೋಗ್ಯ ಸರ್ವೆ ಬಂತು. ಎದೆಯ ಕಾಯಿಲೆ ಇದ್ದವರಿಗೆ ಬೀಡಿ ಕಟ್ಟಲು ಎಲೆ ಕೊಡುವುದಿಲ್ಲ ಎಂದು ಸುದ್ದಿ ಇತ್ತು. ಆವತ್ತು ನಮ್ಮ ಚಾವಡಿಯಲ್ಲಿ ಕೂತು ಸರ್ವೆಯ ಹಾಳೆ ತುಂಬಿಸಿದ್ದು ಯಾರು? ಯೂನಿಯನ್ನಿನ ಕಾರ್ಯದರ್ಶಿ. ನೀನು. ಅಮ್ಮನ ಹೆಸರಿನ ಮುಂದೆ ಬರೆದದ್ದು ಏನು? ‘ನಿತ್ರಾಣ’. ನಾನು ಪಕ್ಕದಲ್ಲೇ ನಿಂತು ಅಕ್ಷರ ಕೂಡಿಸಿ ಓದಿದೆ. ‘ನಿತ್ರಾಣ ಅಂದರೆ ಎಂತ ದೊಡ್ಡಮ್ಮ’ ಎಂದು ಕೇಳಿದೆ. ‘ಸುಸ್ತು ಮಗಾ, ಅಷ್ಟೇ’ ಎಂದೆ ನೀನು.

ಎಷ್ಟು ಹೆಂಗಸರ ಮುಂದೆ ‘ನಿತ್ರಾಣ’ ಬರೆದೆ? ನಿನಗೆ ಲೆಕ್ಕ ಇದೆಯಾ? ಅಮ್ಮ ಹದಿನಾಲ್ಕು ತಿಂಗಳು ಬದುಕಿದಳು, ಕೊನೆಯ ವಾರದ ತನಕ ಬೀಡಿ ಕಟ್ಟಿದಳು. ಶವದ ಮೇಲೆ ನೀವು ಕೆಂಪು ಬಾವುಟ ಹೊದೆಸಿದಿರಿ. ಎಲ್ಲರೂ ಘೋಷಣೆ ಕೂಗಿದರು. ನಾನು ಡಾಕ್ಟರ್ ಆಗುತ್ತೇನೆ ಎಂದು ಹಟ ಹಿಡಿದದ್ದು ಆವತ್ತು. ಆಗಲಿಲ್ಲ. ನಾನು ಆದದ್ದು ನೀನು. ಅದೇ ಹಾಳೆ, ಅದೇ ಖಾಲಿ ಮಾತು. ನನಗೆ ಈ ಕೆಲಸ ಕಲಿಸಿದ್ದು ಗುವೊ ಎಂದು ತಿಳಿದುಕೊಂಡಿದ್ದೀಯಾ?

ನನ್ನನ್ನು ತಿರಸ್ಕರಿಸು, ನನಗೆ ಅದು ಸಲ್ಲುತ್ತದೆ. ಆದರೆ ಅಷ್ಟು ಎತ್ತರದಲ್ಲಿ ನಿಂತು ಅಲ್ಲ.

ಎಕ್ಸ್‌ರೇ ವ್ಯಾನ್ ಜೂನ್ ಹತ್ತಕ್ಕೆ ಬರುತ್ತದೆ. ಅದರ ಮರುದಿನ ನಾನು ಶಬೀರ್‌ನ ಕಾರ್ಡಿಗೆ ಮಂಚ ಬರೆಯಬೇಕು. ಬರೆದರೆ ಅವನು ‘ಫಿಟ್’ ಆಗಿ ಮನೆಗೆ. ಬರೆಯದಿದ್ದರೆ ಟ್ಯಾಂಕಿಗೆ. ನನ್ನೊಬ್ಬಳ ಕೈಯಲ್ಲಿ ಹೆಸರು ಬರೆದರೆ ಗುವೊ ಕಾರ್ಡು ಹರಿದು ಹೊಸದು ಮಾಡಿಸುತ್ತಾಳೆ, ನನ್ನನ್ನೂ ಹಾಗೆಯೇ. ಏನು ಮಾಡಲಿ ಹೇಳು, ನಾಯಕಿ.

ಅಕ್ಷಯಾ


ತೊಕ್ಕೊಟ್ಟು
25 ಮೇ 2025

ಅಕ್ಷಯಾ,

‘ನೀನು’ ಎಂದು ಬರೆದೆ. ಇನ್ನು ಮುಂದೆ ಹಾಗೆಯೇ ಬರೆ.

ನೂರಾ ಹದಿನೇಳು ಹೆಂಗಸರು. ಲೆಕ್ಕ ಇದೆ.

ಎಲೆ ನಿಂತರೆ ಒಲೆ ಉರಿಯುವುದಿಲ್ಲ, ಮೊದಲು ಅನ್ನ, ಆಮೇಲೆ ಎದೆ ಎಂದು ಕಮಿಟಿಯಲ್ಲಿ ತೀರ್ಮಾನ ಮಾಡಿದೆವು. ತೀರ್ಮಾನದ ಕಾಗದಕ್ಕೆ ಸಹಿ ನನ್ನದು. ನಿನ್ನಮ್ಮ ನನ್ನ ಹತ್ತಿರ ಕೇಳಿದ್ದಳು, ‘ಅಕ್ಕ, ಇದು ಕ್ಷಯವಾ?’ ನಾನು ಗದರಿದೆ. ಈ ಮಾತನ್ನು ಇಪ್ಪತ್ತು ವರ್ಷ ಯಾವ ಸಭೆಯಲ್ಲೂ ಹೇಳಲಿಲ್ಲ. ಭಾಷಣದಲ್ಲಿ ಮಾತ್ರ ಅವಳ ಹೆಸರು ತೆಗೆದು ಚಪ್ಪಾಳೆ ಗಿಟ್ಟಿಸಿದ್ದೇನೆ. ಮೂರು ತಿಂಗಳಿಂದ ನಿನಗೆ ಬೈಯುವಾಗ ಬಾಯಿಗೆ ರುಚಿ ಇತ್ತು, ಯಾಕೆಂದು ಈಗ ಗೊತ್ತಾಯಿತು. ಥೂ.

ಅದು ಹಾಗಿರಲಿ. ಕಣ್ಣೀರಿಗೆ ಈಗ ಪುರುಸೊತ್ತಿಲ್ಲ, ಜೂನ್ ಹತ್ತು ಹತ್ತಿರ ಇದೆ.

ಆ ಸರ್ವೆಯ ದಿನಗಳಲ್ಲಿ ವೆಲಿಟಾ ಎಂಬವಳು ಸಭೆಯಲ್ಲಿ ಎದ್ದು ನಿಂತಳು. ಓದು ಬರಹ ಇಲ್ಲದ ಹೆಂಗಸು, ದಿನಕ್ಕೆ ಸಾವಿರ ಬೀಡಿ ಕಟ್ಟುವವಳು. ‘ವಾರಿಜಕ್ಕ, ಕೆಲವರನ್ನು ಯಾಕೆ ಅಡಗಿಸುವುದು? ನಾವು ಎಲ್ಲರೂ ಕೆಮ್ಮುವವರೇ ಅಂತ ಬರೆಸುವಾ. ಎಲ್ಲರಿಗೂ ಎಲೆ ನಿಲ್ಲಿಸಿದರೆ ಬೀಡಿ ಕಟ್ಟುವುದು ಮಾಲಕನ ಹೆಂಡತಿಯಾ?’ ಎಂದಳು. ಇಡೀ ಸಭೆ ನಕ್ಕಿತು. ‘ಕೂತುಕೋ ವೆಲಿಟಾ, ತಮಾಷೆಗೆ ಟೈಮಿಲ್ಲ’ ಎಂದವಳು ನಾನು. ಕಾರ್ಯದರ್ಶಿಗೆ ಹೊಳೆಯದ್ದು ಅವಳಿಗೆ ಹೊಳೆಯಬಾರದಲ್ಲ!

ಏನು ಮಾಡಲಿ ಎಂದು ನನ್ನನ್ನು ಕೇಳಬೇಡ. ಟ್ಯಾಂಕಿನೊಳಗೆ ಇರುವವರನ್ನು ಕೇಳು. ಗುರುತಿನ ಅರ್ಥವನ್ನು ಮೊದಲು ಅವರಿಗೆ ಹೇಳು. ನನಗೆ ಅಷ್ಟು ಚೆಂದ ವಿವರಿಸಿದೆಯಲ್ಲ, ಆಮೆಯ ಚಿಪ್ಪು ಎಂದು! ಯಾರ ಮೇಲೆ ಬರೆದೆಯೋ ಅವರಿಗೆ ಒಂದು ದಿನ ಹೇಳಿದ್ದೀಯಾ?

ವಾರಿಜಾ


ಮಂಗಫ್
29 ಜೂನ್ 2025

ದೊಡ್ಡಮ್ಮ,

ಇದನ್ನು ತರುವವನು ಹಂಝಣ್ಣನ ಅಂಗಡಿಯ ಮನುಷ್ಯ, ನನಗಿಂತ ಮೂರು ದಿನ ಮೊದಲು ಊರು ತಲುಪುತ್ತಾನೆ. ಗುರುವಾರದ ವಿಮಾನದಲ್ಲಿ ನಾನು. ಖಲಾಸ್, ಕೆಲಸ ಹೋಯಿತು. ನಡೆದದ್ದನ್ನು ನೀನು ಮೊದಲೇ ತಿಳಿದಿರಬೇಕು.

ಜೂನ್ ಆರು, ಶುಕ್ರವಾರ, ಬಕ್ರೀದ್. ಕೆಲಸಕ್ಕೆ ರಜೆ ಇತ್ತು. ಮರಳು ಹೊಡೆಯುವ ನಲವತ್ತೊಂದು ಜನವೂ ಕ್ಯಾಂಪಿನ ಮೆಸ್ಸಿನಲ್ಲಿ ಬಿರಿಯಾನಿ ಮುಗಿಸಿ ಕೂತಿದ್ದರು. ಬಾಂಗ್ಲಾದವರು, ನೇಪಾಳದವರು, ತೆಲುಗರು, ನಮ್ಮ ಕಡೆಯವನು ಶಬೀರ್ ಒಬ್ಬ. ಊಟದ ಮೇಜಿನ ಮೇಲೆ ಒದ್ದೆ ಬೆರಳಿನಲ್ಲಿ ಮಂಚ ಬರೆದು ತೋರಿಸಿದೆ. ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಇದು ಯಾಕೆ ಖಾಲಿ, ಬರೆಯುವವಳು ಯಾರು, ಬರೆದ ಮೇಲೆ ಏನಾಗುತ್ತದೆ.

ಆಮೇಲೆ ಒಬ್ಬ ಬಾಂಗ್ಲಾದ ಹಿರಿಯ ಎದ್ದು, “ನನ್ನ ಅಳಿಯನಿಗೆ ಬರೆದದ್ದು ನೀನೇನಾ?” ಎಂದ. ಹೌದು ಎಂದೆ. ಅವನು ತಟ್ಟೆಯನ್ನು ನನ್ನ ಕಾಲ ಬುಡಕ್ಕೆ ಎಸೆದು ಹೊರಗೆ ಹೋದ. ಶಬೀರ್ ನನ್ನ ಮುಖ ನೋಡುತ್ತಲೇ ಇದ್ದ. “ನೀವು ಅಣ್ಣೆರೆ ಅಣ್ಣೆರೆ ಅಂತ ಕರೀತಿದ್ದದ್ದು ಇದಕ್ಕಾ?” ಎಂದು ತುಳುವಿನಲ್ಲಿ ಕೇಳಿದ. ನೀನು ಬರೆದ ಎಲ್ಲ ಕಾಗದ ಸೇರಿದರೂ ಆ ಒಂದು ಪ್ರಶ್ನೆಯ ತೂಕ ಬರಲಿಲ್ಲ ದೊಡ್ಡಮ್ಮ.

ವೆಲಿಟಾ ಹೇಳಿದ್ದನ್ನು ಹೇಳಿದೆ. ಅವರು ನಗಲಿಲ್ಲ. ಟ್ಯಾಂಕನ್ನು ಒಪ್ಪಿಸುವ ದಿನ ಜೂನ್ ಇಪ್ಪತ್ತು, ಆ ಕೆಲಸ ಬಲ್ಲವರು ಇವರು ಬಿಟ್ಟರೆ ಕಂಪನಿಗೆ ಯಾರೂ ಇಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಶಬೀರ್ ಕೇಳಿದ್ದು ಇಷ್ಟೇ: “ಎಡದಿಂದ ಶುರು ಮಾಡುವುದಾ, ಮೇಲಿನಿಂದಲಾ?” ಐದು ಗೆರೆ, ಮೊದಲು ಮೇಲಿನ ಚುಕ್ಕೆ ಎಂದು ತೋರಿಸಿಕೊಟ್ಟೆ. ತಟ್ಟೆ ಎಸೆದವನೂ ವಾಪಸು ಬಂದು ನೋಡಿಕೊಂಡು ಹೋದ.

ಜೂನ್ ಹನ್ನೊಂದಕ್ಕೆ ಕಾರ್ಡುಗಳು ನನ್ನ ಟೇಬಲ್ಲಿಗೆ ಬಂದವು. ನಲವತ್ತೊಂದರಲ್ಲೂ ಮಂಚ. ಪೆನ್ಸಿಲಿನದ್ದಲ್ಲ, ಉಕ್ಕಿನ ಮೇಲೆ ಗುರುತು ಹಾಕುವ ಪೇಂಟ್ ಮಾರ್ಕರಿನದ್ದು, ಫೋಟೋದ ಪಕ್ಕ, ಹೆಸರಿನ ಮೇಲೆ, ಅಂಗೈಯಷ್ಟು ದೊಡ್ಡದು. ಒಬ್ಬನ ಮಂಚಕ್ಕೆ ಕಾಲೇ ಇಲ್ಲ. ಇನ್ನೊಬ್ಬನದ್ದು ತಲೆಕೆಳಗು. ಗುವೊ ಮೇಡಂ ಎರಡೂ ಕೈ ಟೇಬಲ್ ಮೇಲೆ ಊರಿ ಕೇಳಿದಳು:

“ಇದರಲ್ಲಿ ನೀನು ಹಾಕಿದ್ದು ಯಾವುದು?”

“ಒಂದೂ ಇಲ್ಲ.”

“ನಿಜವಾಗಿ ಕಾಯಿಲೆ ಇರುವುದು ಯಾರಿಗೆ?”

“ಹೇಳುವ ಅಧಿಕಾರ ನನಗಿಲ್ಲ ಮೇಡಂ. ಡಾಕ್ಟರನ್ನು ಕರೆಸಿ.”

ಅವಳಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬೆವರಿದಳು. ಹೊಸ ಕಾರ್ಡು ಮಾಡಿಸಿದರೆ ಅದಕ್ಕೂ ಬರೆಯುತ್ತೇವೆ ಎಂದು ಹೊರಗೆ ಜನ ನಿಂತಿದ್ದರು. ಎರಡು ದಿನ ಟ್ಯಾಂಕಿಗೆ ಯಾರೂ ಇಳಿಯಲಿಲ್ಲ. ಎದೆನೋವು ಎಂದರು, ನಲವತ್ತೊಂದು ಜನವೂ. ಮೂರನೆಯ ದಿನ ರಿಫೈನರಿ ಕಡೆಯ ಸೇಫ್ಟಿ ಇನ್‌ಸ್ಪೆಕ್ಟರ್ ಬಂದ. ಈಜಿಪ್ಟಿನವನು, ದಪ್ಪ ಮನುಷ್ಯ, ಕೆಲಸ ನಿಂತದ್ದೇ ಅವನ ಚಿಂತೆ. ಕಾರ್ಡು ನೋಡಿ “ಇದೇನು?” ಎಂದ. ಗುವೊ “ಏನೂ ಅರ್ಥವಿಲ್ಲ” ಎಂದಳು. ಅರ್ಥವಿಲ್ಲದ್ದನ್ನು ಎಲ್ಲರೂ ಯಾಕೆ ಬರೆದುಕೊಂಡಿದ್ದಾರೆ ಎಂದು ಅವನು ನನ್ನ ಕಡೆ ತಿರುಗಿದ. ಹೇಳಿದೆ. ಮೂರು ವರ್ಷದ ಎಕ್ಸ್‌ರೇಗಳನ್ನೂ ತೆರೆದು ತೋರಿಸಿದೆ. ಮನುಷ್ಯತ್ವದಿಂದ ಮಾಡಿದನೆಂದು ತಿಳಿಯಬೇಡ, ನಾಳೆ ತನ್ನ ತಲೆಗೆ ಬರಬಾರದೆಂದು ಮಾಡಿದ. ಎಲ್ಲರನ್ನೂ ಎರಡು ಬಸ್ಸಿನಲ್ಲಿ ತುಂಬಿಸಿ ಸರಕಾರಿ ಎದೆ ಆಸ್ಪತ್ರೆಗೆ ಕಳಿಸಿದ.

ಒಂಬತ್ತು ಜನರಿಗೆ ಇದೆ. ಹೆಸರು ಹಾಕಿ, ಸಹಿ ಹಾಕಿ, ಸೀಲು ಹೊಡೆದ ಕಾಗದ, ಒಬ್ಬೊಬ್ಬರ ಕೈಗೂ. ಒಂಬತ್ತೂ ಜನರನ್ನು ಮರಳಿನ ಕೆಲಸದಿಂದ ತೆಗೆದಿದ್ದಾರೆ. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಗೊತ್ತಿಲ್ಲ. ಉಳಿದವರಿಗೆ ಗಾಳಿ ಬಿಡುವ ಹೊಸ ಮುಸುಕು ಬರುತ್ತದಂತೆ, ಬಂದಾಗ ನೋಡಬೇಕು. ಅಲಿಕುಂಞಿಯ ಎಕ್ಸ್‌ರೇಗಳೂ ಆ ಡಾಕ್ಟರ ಹತ್ತಿರ ಹೋದವು. ಅದೇ ಕಾಯಿಲೆ ಎಂದು ಬರೆದುಕೊಟ್ಟ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಕ್ಷಯದ ಮಾತ್ರೆ ನಿಲ್ಲಿಸಬೇಕಾ ಎಂದು ಇದನ್ನು ತೋರಿಸಿಯೇ ಕೇಳಲು ಹೇಳು, ತಾನಾಗಿ ಬಿಡುವುದು ಬೇಡ. ನನ್ನ ಇಕಾಮಾ ಕ್ಯಾನ್ಸಲ್ ಆದದ್ದು ಅದರ ಮರುದಿನ. ಕಾರಣದ ಜಾಗದಲ್ಲಿ ಏನೂ ಬರೆಯಲಿಲ್ಲ.

ಏರ್‌ಪೋರ್ಟಿಗೆ ಹಾರ ಹಿಡಿದುಕೊಂಡು ಬರಬೇಡ. ಬರುವುದಾದರೆ ಅಲಿಕುಂಞಿಯ ಮನೆಗೆ ನೇರ ಹೋಗುವ ರಿಕ್ಷಾ ಮಾಡಿಕೊಂಡು ಬಾ. ಆ ಎಡಗೈ ಯಾರದ್ದೆಂದು ಅವನಿಗೆ ನಾನೇ ಹೇಳಬೇಕು. ನೀನು ಹೊರಗೆ ಕೂತಿರು.

ಒಂಬತ್ತರಲ್ಲಿ ಒಬ್ಬ ಶಬೀರ್. ಶುರುವಿನದ್ದು, ಆದರೆ ಇದೆ. ನಿನ್ನೆ ನನ್ನ ಸಾಮಾನು ಕಟ್ಟುತ್ತಿದ್ದಾಗ ಕಂಟೈನರಿನ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ, ಅಕ್ಕ ಎನ್ನಲಿಲ್ಲ. ಕಾಗದ ಮುಂದೆ ಹಿಡಿದು, “ಇದಕ್ಕೆ ಮದ್ದುಂಟಾ?” ಎಂದ.

“ಇಲ್ಲ” ಎಂದೆ. ದೂಳು ನಿಂತರೆ ಹೆಚ್ಚಾಗುವುದು ನಿಧಾನವಾದೀತು, ಆದರೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ ಎಂದೂ ಹೇಳಿದೆ.

ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ. ಹೊರಟವನು ತಿರುಗಿದ.

“ಅಣ್ಣನಿಗೆ ಹೇಳಬೇಡಿ.”

“ಹೇಳ್ತೇನೆ” ಎಂದೆ.

ಅಕ್ಷಯಾ